ಚಿಲಕಮಟ್ಟಿಯಲ್ಲಿ ನೆರಳಿನ ಹಕ್ಕನ್ನು ಓದಿದ ದಿನ

ಚಿಲಕಮಟ್ಟಿ, ಬಿಸಿಲುಹೊಲದ ಮೂರನೆಯ ಪಟ್ಟಿ
ಫೆಬ್ರವರಿ ೩೦, ೨೧೯೧

ನೂರಾರು ವರ್ಷ ಹಿಂದೆ ಉಳಿದಿರುವ ನಮ್ಮ ಹಿರಿಯರಿಗೆ,

ಈ ಭೂಮಿಯ ಮೇಲೆ ಇದುವರೆಗೆ ಬರೆದ ಎಲ್ಲ ಸಂವಿಧಾನಗಳನ್ನೂ ಎಲ್ಲ ಒಡಂಬಡಿಕೆಗಳನ್ನೂ ಬಾಯಿಪಾಠ ಮಾಡಿರುವ ಏಕೈಕ ಮನುಷ್ಯ ನಾನು. ಮುಖ್ಯ ನ್ಯಾಯಮೂರ್ತಿಗಳೊಬ್ಬರು ಒಂದು ವಿಧಿಯ ಅರ್ಥ ತಿಳಿಯದೆ ಮೂರು ದಿನ ಊಟ ಬಿಟ್ಟು, ಕೊನೆಗೆ ನಮ್ಮ ಕಟ್ಟೆಗೆ ಬಂದು, ನನ್ನ ಮುಂದೆ ಕೈಕಟ್ಟಿ ಕೂತು ತಿಳಿದುಕೊಂಡು ಹೋದದ್ದುಂಟು. ಹೆಸರು ಹೇಳಿದರೆ ಅವರಿಗೆ ಮುಜುಗರ, ಆದ್ದರಿಂದ ಹೇಳುವುದಿಲ್ಲ. ನನ್ನ ಹೆಸರು ಯಮನೂರಪ್ಪ. ವಯಸ್ಸು ಎಪ್ಪತ್ತೊಂದು. ವಿದ್ಯೆ ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆ. ಎಂಟಕ್ಕೆ ಹೋಗಿದ್ದರೆ ಮಾಸ್ತರರಿಗೆ ಕೆಲಸ ಉಳಿಯುತ್ತಿರಲಿಲ್ಲ ಎಂದು ಅಲ್ಲಿಗೇ ಬಿಟ್ಟೆ.

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ಮೂವತ್ತು ದಿನ ಬಂದು ನಮಗೆ ಐವತ್ತು ವರ್ಷವಾಯಿತು. ಎಲ್ಲ ತಿಂಗಳಿಗೂ ಸಮನಾದ ದಿನಗಳಿರಬೇಕೆಂದು ಅರವತ್ತೊಂದು ದೇಶಗಳು ಕೂಡಿ ಸಹಿ ಮಾಡಿದವು. ತಿಂಗಳುಗಳಿಗೆ ಸಮಾನತೆ ಬಂತು. ಮನುಷ್ಯರ ವಿಷಯ ಮುಂದಿನ ಸಭೆಗೆ ಇಟ್ಟರು. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ಬಂದಾವು, ಅದಕ್ಕೆ ಕ್ಷಮೆ ಇರಲಿ. ನಿಮ್ಮ ಹಳೆಯ ಕಾಗದಗಳಲ್ಲಿ ನನಗೂ ತಿಳಿಯದ ಪದಗಳಿವೆ. ‘ಚಳಿಗಾಲದ ಅಧಿವೇಶನ’ ಎಂದು ಓದಿದೆ. ಅಧಿವೇಶನ ಗೊತ್ತಾಯಿತು.

ಇದು ಹಿಂದೋಲೆ. ಹನ್ನೆರಡು ವರ್ಷಕ್ಕೊಮ್ಮೆ ಪ್ರತಿ ಊರಿನಿಂದ ಒಬ್ಬರು ಹಿಂದಿನ ಕಾಲದವರಿಗೆ ಬರೆಯುವ ಪತ್ರ. ತಲುಪುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮುಂದಿರುವ ಸರಕಾರಕ್ಕೆ ಬರೆದ ಅರ್ಜಿಗಳ ಗತಿಯೂ ಅದೇ ಆಗಿರುವುದರಿಂದ ನಾವು ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ.

ನಮ್ಮ ದಿನ ನಿಮ್ಮ ದಿನದ ಹಾಗಿಲ್ಲ. ಬೆಳಗಿನ ನಾಲ್ಕಕ್ಕೆ ಸಂತೆ, ಐದಕ್ಕೆ ಶಾಲೆ, ಹತ್ತಕ್ಕೆ ಊಟ. ಹನ್ನೊಂದಕ್ಕೆ ನೆರಳುಗಂಟೆ ಹೊಡೆಯುತ್ತದೆ. ಅಲ್ಲಿಂದ ಸಂಜೆ ಐದರವರೆಗೆ ಬಯಲಲ್ಲಿ ನಾಯಿಯೂ ಇರುವುದಿಲ್ಲ. ಐದಕ್ಕೆ ಎದ್ದು ಮತ್ತೆ ಮುಖ ತೊಳೆದು ಒಬ್ಬರಿಗೊಬ್ಬರು ‘ಎರಡನೇ ಬೆಳಗು ಆತ್ರಿ?’ ಎಂದು ಕೇಳುತ್ತೇವೆ. ಜೋಳದ ರೊಟ್ಟಿ ಇನ್ನೂ ಇದೆ, ಪುಣ್ಯ. ಕೆಂಪು ಚಟ್ನಿಯೂ ಇದೆ. ಬಡಿಯುವ ಸಪ್ಪಳ ಮಾತ್ರ ಈಗ ನಸುಕಿಗೇ ಕೇಳಿ ಮುಗಿಯುತ್ತದೆ. ಹೊರಗೆ ಹೋಗಲೇಬೇಕಾದವರು ಒದ್ದೆಯಂಗಿ ಹಾಕುತ್ತಾರೆ: ಎರಡು ಪದರ ಹತ್ತಿಬಟ್ಟೆಯ ನಡುವೆ ನೀರು ಕುಡಿದ ನಾರು ಹೊಲಿದಿರುತ್ತಾರೆ. ಒಂದು ಗಂಟೆ ತಣ್ಣಗಿರುತ್ತದೆ, ಆಮೇಲೆ ಬೇಯಿಸಿದ ಗಡ್ಡೆಯ ಸಿಪ್ಪೆಯಂತೆ ಮೈಗಂಟುತ್ತದೆ. ಎರೆಹೊಲಗಳಲ್ಲಿ ಮುಕ್ಕಾಲು ಪಾಲು ಈಗ ಬಿಸಿಲುಹೊಲ. ಬಿಸಿಲಿನಿಂದ ವಿದ್ಯುತ್ ತೆಗೆಯುವ ಹಲಗೆಗಳು ನಿಮ್ಮ ಕಾಲದಲ್ಲೇ ಶುರುವಾಗಿದ್ದವಲ್ಲ, ಅವೇ, ಕಣ್ಣು ಹಾಯುವವರೆಗೆ. ಹಲಗೆಯಲ್ಲಿ ಎಲ್ಲೋ ಒಂದು ಕಡೆ ದೋಷ ಹುಟ್ಟಿದರೆ ಅದು ಕಾದು ಸುಡುಚುಕ್ಕೆಯಾಗುತ್ತದೆ. ಬಿಟ್ಟರೆ ಇಡೀ ಸಾಲು ಹೋಗುತ್ತದೆ. ಸುಡುಚುಕ್ಕೆ ಕಾಣುವುದು ನಡುಮಧ್ಯಾಹ್ನದಲ್ಲಿ ಮಾತ್ರ. ಹಾಗಾಗಿ ಹೊರಗೆ ಯಾರೂ ಇರಬಾರದ ಹೊತ್ತಿನಲ್ಲೇ, ಒಲೆಯಂತೆ ಕಾದ ಹಲಗೆಗಳ ಅಡಿಯಲ್ಲಿ ಅಂಗಾತ ಮಲಗಿ ತೆವಳುತ್ತ ಹೋಗಿ ಚುಕ್ಕೆ ಹುಡುಕುವವರು ಬೇಕು. ಅವರನ್ನು ತೆವಳಾಳು ಎನ್ನುತ್ತೇವೆ. ಕಾಗದದಲ್ಲಿ ಅವರ ಹೆಸರು ‘ತಾಪ ಸಹಾಯಕರು’.

ತೆವಳಾಳುಗಳು ಸಾಯತೊಡಗಿದ ಮೇಲೆ ನೆರಳಿನ ಒಡಂಬಡಿಕೆ ಬಂತು. ಎಲ್ಲೋ ಒಂದು ತಣ್ಣನೆಯ ಊರಿನಲ್ಲಿ, ಶಾಲು ಹೊದ್ದ ದೊಡ್ಡವರು ಕೂಡಿ, ‘ಪ್ರತಿಯೊಬ್ಬ ಮನುಷ್ಯನಿಗೂ ಸುಡುವ ಹೊತ್ತಿನಲ್ಲಿ ನೆರಳಿನ ಹಕ್ಕು ಹುಟ್ಟಿನಿಂದಲೇ ಇದೆ’ ಎಂದು ಬರೆದರು. ನಮ್ಮ ನದಿಕೊಳ್ಳದ ಊರುಗಳ ಒಕ್ಕೂಟ ಅದನ್ನು ಎತ್ತಿ ಸಂವಿಧಾನದ ಎರಡನೆಯ ಪುಟಕ್ಕೇ ಸೇರಿಸಿತು. ಚೆಂದದ ಮಾತು. ಆ ವಾಕ್ಯ ಬಂದರೆ ನಾನು ಈಗಲೂ ಎರಡು ಸಲ ಓದುತ್ತೇನೆ.

ಆದರೆ ಹಕ್ಕು ಒಂದು ಊರಿಗೆ ಬರುವುದಕ್ಕೆ ಒಂದು ಪದ್ಧತಿ ಇತ್ತು. ಹಿಂದಿನ ಒಡಂಬಡಿಕೆಗಳು ಜನರಿಗೆ ತಿಳಿಯದೆ ಬೀರುವಿನಲ್ಲಿ ಕೊಳೆತವು ಎಂಬ ದೂರಿತ್ತು. ಆದ್ದರಿಂದ ಪ್ರತಿ ಊರಿನಲ್ಲೂ ಊರಿನವನೇ ಒಬ್ಬ ಓದುಗಾರ, ಊರಿನವರೆಲ್ಲ ಕೂತಿರುವಾಗ, ಊರಿನ ಭಾಷೆಯಲ್ಲಿ, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಓದಿ ಮುಗಿಸಿ ‘ಪೂರ್ತಿ ಓದಲಾಗಿದೆ’ ಎಂಬಲ್ಲಿ ಹೆಬ್ಬೆಟ್ಟು ಒತ್ತಬೇಕು. ಆ ಕ್ಷಣದಿಂದ ಅದು ಆ ಊರಿನ ಕಾನೂನು. ಯೋಚಿಸಿದವರು ಒಳ್ಳೆಯವರೇ ಇರಬೇಕು. ಅವರಿಗೆ ನಮ್ಮಂಥ ಓದುಗಾರರ ಪರಿಚಯವಿರಲಿಲ್ಲ.

ಎಂಟು ವರ್ಷದ ಹಿಂದೆ, ಕಾರ್ತಿಕದಲ್ಲಿ, ಓದುದಿನ. ನನಗೆ ಜರಿ ರುಮಾಲು ಸುತ್ತಿ, ಹಾರ ಹಾಕಿ, ಕಟ್ಟೆಯ ಮೇಲೆ ಕೂರಿಸಿದರು. ಅವತ್ತಿನ ನನ್ನ ಓದು ಕೇಳಿದ್ದರೆ ನೀವು ಅಲ್ಲಿಂದ ಇಲ್ಲಿಗೆ ಎದ್ದು ಬರುತ್ತಿದ್ದಿರಿ! ‘ನೆರಳು ದಾನವಲ್ಲ, ಹಕ್ಕು’ ಎಂಬಲ್ಲಿ ನಾನು ದನಿ ಏರಿಸಿ ನಿಲ್ಲಿಸಿದೆ. ಹೆಂಗಸರು ಕಣ್ಣೊರೆಸಿಕೊಂಡರು, ತೆವಳಾಳುಗಳು ಸಿಳ್ಳೆ ಹಾಕಿದರು. ‘ಇನ್ನೊಮ್ಮೆ ಓದ್ರಿ’ ಎಂದರು, ಓದಿದೆ. ಮತ್ತೊಮ್ಮೆ ಎಂದರು, ಪುಸ್ತಿಕೆಯಲ್ಲಿ ಇಲ್ಲದ ಎರಡು ಮಾತು ನಾನೇ ಸೇರಿಸಿ ಓದಿದೆ. ಹಕ್ಕುಗಳ ಭಾಗ ಹಾಗೆ ಮುಗಿಯುವಷ್ಟರಲ್ಲಿ ಹತ್ತು ಗಂಟೆ. ಮುಂದೆ ಅನುಬಂಧ. ಸಣ್ಣಕ್ಷರ. ‘ಮೇಲ್ಕಂಡ ಉಪಕಲಮಿನ ಬಾಧೆಗೊಳಪಟ್ಟು’ ಎಂದು ಶುರು. ಒಂದು ಸಾಲು ಓದಿದೆ, ಯಾರೋ ಆಕಳಿಸಿದರು. ನನ್ನ ಓದಿಗೆ ಆಕಳಿಕೆ ಬಂದದ್ದು ಜೀವನದಲ್ಲಿ ಅದೇ ಮೊದಲು.

ಹಿಂದಿನಿಂದ ಒಬ್ಬರು ಕೂಗಿದರು: “ಸಾಕ್ ಬಿಡೋ ಯಮನೂರಾ, ಹೋಳಿಗಿ ಆರಾಕತ್ತಾವು!”

“ಗಂಟಿ ಹೊಡಿಯೂದ್ರಾಗ ಉಣ್ಣಬೇಕಲ್ಲಪಾ,” ಎಂದು ಇನ್ನೊಬ್ಬರು.

“ಮುಂದಿಂದೂ ಇದ ಐತಿ ಬಿಡ್ರಿ,” ಎಂದೆ ನಾನು, ಪುಟ ತಿರುವುತ್ತ. “ಎಲ್ಲಾ ಒಳ್ಳೇ ಮಾತ ಐತಿ. ನಾ ಓದೇನಿ, ನೀವು ಉಣ್ರಿ.”

ಊರೆಲ್ಲ ನಕ್ಕಿತು. ಸ್ವಲ್ಪ ಬಿಟ್ಟು ಕೊನೆಯ ಪುಟಕ್ಕೆ ಹೋಗಿ, ಶುಭವಾಗಲಿ ಎಂದು ಓದಿ, ಹೆಬ್ಬೆಟ್ಟು ಒತ್ತಿದೆ. ಎಷ್ಟು ಬಿಟ್ಟೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಹೋಳಿಗೆ ಬಿಸಿಯಾಗಿತ್ತು.

ಹಕ್ಕು ಬಂದ ಮೇಲಿನ ಕತೆ ಕೇಳಿ. ಬಿಸಿಲುಹೊಲ ನಡೆಸುವ ಗುತ್ತಿಗೆ ಮಂಡಳಿಯವರು ಅದರ ಬಾಗಿಲಲ್ಲಿ ‘ನೆರಳು ನಿಮ್ಮ ಹಕ್ಕು’ ಎಂದು ಆಳೆತ್ತರದ ಫಲಕ ನೆಟ್ಟರು. ಆ ಫಲಕದ ನೆರಳು ಬೀಳುವಲ್ಲಿ ಕಾವಲುಗಾರನ ಕುರ್ಚಿ. ಒಂದು ನೆರಳುಮನೆಯನ್ನೂ ಕಟ್ಟಿದರು. ಅದಕ್ಕೆ ಕೀಲಿ ಹಾಕಿ ಒಳಗೆ ಒಡೆದ ಹಲಗೆ ಪೇರಿಸಿದರು. ಒಡಂಬಡಿಕೆ ದಿನದಂದು ಹಲಗೆ ತೆಗೆದು, ರಂಗೋಲಿ ಹಾಕಿ, ಫೋಟೋ ತೆಗೆಸಿ, ಸಂಜೆ ಮತ್ತೆ ಪೇರಿಸುತ್ತಿದ್ದರು. ತನಿಖೆಯವರು ಬಂದದ್ದುಂಟು, ಪುಷ್ಯ ಮಾಸದ ಬೆಳಗ್ಗೆ ಏಳು ಗಂಟೆಗೆ. ಒಬ್ಬರು ಹಲಗೆಯ ಕೆಳಗೆ ಕೈ ಇಟ್ಟು ನೋಡಿ ‘ತಂಪಾಗಿದೆ’ ಎಂದು ಬರೆದುಕೊಂಡರು. ಸುಳ್ಳಲ್ಲ, ಆ ಹೊತ್ತಿಗೆ ತಂಪಾಗಿಯೇ ಇತ್ತು. ಇದೆಲ್ಲ ನಿಮಗೆ ಹೊಸದೇನಲ್ಲ ಬಿಡಿ. ಮಲದ ಗುಂಡಿಗೆ ಮನುಷ್ಯನನ್ನು ಇಳಿಸಬಾರದೆಂದು ನಿಮ್ಮಲ್ಲೂ ಕಾನೂನಿತ್ತು. ಇಳಿದು ಸತ್ತವರ ಸುದ್ದಿಯೂ ಅದೇ ಕಾಲದ ಪತ್ರಿಕೆಗಳಲ್ಲಿದೆ. ಕಾನೂನು ಒಂದು ಪುಟದಲ್ಲಿ, ಹೆಣ ಇನ್ನೊಂದು ಪುಟದಲ್ಲಿ.

ಹುಲಿಗೆವ್ವ ನನ್ನ ಅಣ್ಣನ ಮಗಳು. ಅಣ್ಣ ತೀರಿಕೊಂಡ ಮೇಲೆ ನಾನೇ ನಿಂತು ಅವಳ ಲಗ್ನ ಮಾಡಿದೆ. ಗಂಡ ಮೈಲಾರಿ, ತೆವಳಾಳು, ಮಾತು ಕಡಿಮೆ. ಓದುದಿನ ಎಲ್ಲರಿಗಿಂತ ಜೋರಾಗಿ ಸಿಳ್ಳೆ ಹಾಕಿದವನು ಮಾತ್ರ ಅವನೇ. ಮೂರು ವರ್ಷದ ಹಿಂದೆ, ಮೇ ತಿಂಗಳ ಹದಿನೇಳರಂದು, ನೆರಳುಗಂಟೆ ಹೊಡೆದ ಮೇಲೆ ಅವನು ಹೊರಗೆ ಬಂದು ಕೂತನು. ಮೇಲ್ವಿಚಾರಕ, “ಹಕ್ಕು ಐತ್ರಿ ನನಗ” ಎಂದ ಅವನ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಂಡು, “ಐತಲ್ಲಪಾ, ಯಾರು ಇಲ್ಲ ಅಂದ್ರು? ಹಲಗಿ ಕೆಳಗ ನೆರಳ ಐತಿ, ಹೋಗಿ ನಿನ್ನ ಹಕ್ಕಿನ್ಯಾಗ ಮಲ್ಕೊ” ಎಂದನಂತೆ. ಮೈಲಾರಿ ಒಳಗೆ ತೆವಳಿದ. ನಾಲ್ಕು ಗಂಟೆಗೆ ಕಾಲು ಹಿಡಿದು ಎಳೆದು ತೆಗೆದರು. ಬೆನ್ನ ಮೇಲಿನ ಒದ್ದೆಯಂಗಿ ಒಣಗಿ ಗರಿಗರಿಯಾಗಿತ್ತು. ಮರಣಪತ್ರದಲ್ಲಿ ‘ನೆರಳಿನಲ್ಲಿದ್ದಾಗ ಸಹಜ ಸಾವು’ ಎಂದು ಬರೆದರು.

ಆ ಮೂರು ಪದಗಳ ಮೇಲೆಯೇ ಹುಲಿಗೆವ್ವ ಒಡಂಬಡಿಕೆ ಪೀಠಕ್ಕೆ ಹೋದಳು. ಅವಳಿಗೆ ಬೇಕಿದ್ದದ್ದು ಇಷ್ಟೇ: ನೆರಳು ಸಿಗದೆ ಸತ್ತ ಎಂದು ಬರೆಯಿರಿ. ಹಾಗೆ ಬರೆದರೆ ಚಿಲಕಮಟ್ಟಿಯಲ್ಲಿ ನಡುಮಧ್ಯಾಹ್ನದ ತೆವಳು ನಿಲ್ಲಬೇಕಾಗುತ್ತಿತ್ತು. ಗುತ್ತಿಗೆಯವರ ವಕೀಲ ಪುಸ್ತಿಕೆ ಬಿಡಿಸಿ ಅನುಬಂಧದ ಒಂದು ಕಲಮನ್ನು ತೋರಿಸಿದ. ಮನುಷ್ಯ ನಿರ್ಮಿಸಿದ ಯಾವುದೇ ಮೇಲ್ಮೈಯ ಕೆಳಗಿನ ಜಾಗ ನೆರಳೇ, ಇದಕ್ಕೆ ಒಪ್ಪದ ಊರು ಮೊದಲ ಓದಿನ ದಿನವೇ ಸಭೆಯಲ್ಲಿ ಕೈ ಎತ್ತಿ ಬೇಡವೆನ್ನಬೇಕು, ಸುಮ್ಮನಿದ್ದರೆ ಒಪ್ಪಿದಂತೆ. ಚಿಲಕಮಟ್ಟಿ ಸುಮ್ಮನಿತ್ತು. ಹೋಳಿಗೆ ತಿನ್ನುತ್ತಿತ್ತು.

ಅವತ್ತು ಸಂಜೆ ಅವಳು ನಮ್ಮ ಮನೆಗೆ ಬಂದಳು. ಅವಳ ಚಿಕ್ಕಮ್ಮ ಕೊಟ್ಟ ಮಜ್ಜಿಗೆ ಮುಟ್ಟಲಿಲ್ಲ.

“ಕಾಕಾ, ನೀ ಅವತ್ತು ಪೂರಾ ಓದಿದ್ಯೋ ಇಲ್ಲೋ? ನನಗಷ್ಟ ಹೇಳು.”

“ನಿಮ್ಮ ಕಾಕಾನ ಮ್ಯಾಲ ಅನುಮಾನ ಏನವ್ವಾ?”

“ಅನುಮಾನಲ್ಲ. ನೀ ಓದಿಲ್ಲ ಅಂದ್ರ ನನ್ನ ಕೇಸು ಗಟ್ಟಿ ನಿಂದರತೈತಿ. ಓದಿದ್ರ ನಾ ಬ್ಯಾರೆ ದಾರಿ ಹುಡುಕಬೇಕು.”

ಆಗ ಹೇಳಬೇಕಿತ್ತು. ಕಾನೂನು ಸರಳವಾಗಿತ್ತು. ಬೆವರಿಗೆ ಹಾಳೆ ಅಂಟಿಕೊಳ್ಳುತ್ತದೆಂದು ಎರಡು ಪುಟದವರೆಗೆ ಮಾಫಿ ಇದೆ. ಅದಕ್ಕಿಂತ ಹೆಚ್ಚು ಬಿಟ್ಟಿದ್ದರೆ ಆ ಓದು ಓದಲ್ಲ, ಊರಿನ ಮೌನ ಒಪ್ಪಿಗೆಯಲ್ಲ, ಕಲಮು ನಮ್ಮೂರಿಗೆ ಲಾಗುವಿಲ್ಲ. ಆದರೆ ಶಾಲೆಯ ಗೋಡೆಯ ಮೇಲೆ ರುಮಾಲು ಸುತ್ತಿದ ನನ್ನ ಚಿತ್ರವಿತ್ತು. ಸಂತೆಯಲ್ಲಿ ಜನ ನನಗೆ ದಾರಿ ಬಿಡುತ್ತಿದ್ದರು. ಮತ್ತು, ಇದನ್ನು ಬರೆಯಲು ಕೈ ಬರುತ್ತಿಲ್ಲ, ಹೇಳಿದರೆ ಮೈಲಾರಿಯನ್ನು ಹಲಗೆಯ ಕೆಳಗೆ ತಳ್ಳಿದ್ದು ಮೇಲ್ವಿಚಾರಕನ ಬಾಯಿ ಮಾತ್ರವಲ್ಲ ಎಂದಾಗುತ್ತಿತ್ತು.

“ಒಂದೆರಡು ಹಾಳಿ ಬೆವರಿಗೆ ಅಂಟಿದ್ದವು,” ಎಂದೆ. “ಅಷ್ಟ.”

ಅವಳು ನನ್ನ ಮುಖ ನೋಡಿದಳು. “ಆತು ಬಿಡು ಕಾಕಾ,” ಎಂದು ಮಜ್ಜಿಗೆ ಕುಡಿದು ಹೋದಳು.

ವಿಚಾರಣೆಗೆ ಪೀಠಗಾಡಿ ಬಂತು. ನ್ಯಾಯಪೀಠವೇ ಗಾಲಿಯ ಮೇಲೆ ಊರೂರು ತಿರುಗುತ್ತದೆ. ಒಳಗೆ ತಂಪು ಯಂತ್ರ, ಮೂವರು ಪೀಠಸ್ಥರು, ಹೂದಾನಿ. ನಾವು ಹೊರಗೆ ಕಿಟಕಿಯ ಮುಂದೆ ಸಾಲಾಗಿ ನಿಂತು ಉತ್ತರಿಸಬೇಕು. ನೆರಳಿನ ಮೊಕದ್ದಮೆ ಬಿಸಿಲಿನಲ್ಲಿ ನಡೆಯಿತು. ದಾಖಲೆಯಲ್ಲಿ ಮಾತ್ರ ‘ಅರ್ಜಿದಾರರಿಗೆ ವಾಹನದ ನೆರಳು ಒದಗಿಸಲಾಗಿತ್ತು’ ಎಂದಿದೆ. ಬೆಳಗ್ಗೆ, ಸೂರ್ಯ ಆಚೆ ಬದಿಗಿದ್ದಾಗ, ನೆರಳು ಇದ್ದದ್ದು ಹೌದು. ಊರಿನ ನಾಲ್ವರು ಓದು ಬೇಗ ಮುಗಿದಂತಿತ್ತು ಎಂದು ಹೇಳಲು ಬಂದಿದ್ದರು. ವಕೀಲ ನಗುತ್ತ ಕೇಳಿದ, “ಮುಗೀಮಟ ಕುಂತಿದ್ರೇನ್ರಿ ನೀವು?” ಯಾರು ಕೂತಿದ್ದರು? ನಾಲ್ವರೂ ಅವತ್ತು ಊಟದ ಪಂಕ್ತಿಯಲ್ಲಿದ್ದರು. ನೆಲ ನೋಡಿಕೊಂಡು ಹಿಂದೆ ಸರಿದರು.

ಆಮೇಲೆ ನನ್ನನ್ನು ಕರೆದರು. ಪೀಠದ ಹಿರಿಯಮ್ಮ ಕಿಟಕಿಯಿಂದ ಬಗ್ಗಿ, “ಓದುಗಾರರೇ, ಎಷ್ಟು ಪುಟ ಬಿಟ್ಟಿದ್ದೀರಿ?” ಎಂದು ಕೇಳಿದರು. ಒಳ್ಳೆಯ ಹೆಂಗಸು. ದನಿಯಲ್ಲಿ ನಾನು ಹೆಚ್ಚು ಹೇಳಲಿ ಎಂಬ ಆಸೆಯಿತ್ತು, ಆಣೆ ಮಾಡಿ ಹೇಳುತ್ತೇನೆ. ನಾನು ಎದೆಯೆತ್ತಿ, ಚಿಲಕಮಟ್ಟಿಯ ಯಮನೂರಪ್ಪ ಓದಿದರೆ ಅಲ್ಪವಿರಾಮವೂ ಉಳಿಯುವುದಿಲ್ಲವೆಂದೂ, ಬೆವರಿಗೆ ಅಂಟಿದ್ದು ಹೆಚ್ಚೆಂದರೆ ಎರಡು ಪುಟವೆಂದೂ ಹೇಳಿದೆ. ಹಕ್ಕುಗಳ ಭಾಗವನ್ನು ಅಲ್ಲೇ ಬಾಯಿಪಾಠ ಒಪ್ಪಿಸಿದೆ. ವಕೀಲ ಚಪ್ಪಾಳೆ ತಟ್ಟಿದ. ತೀರ್ಪಿನಲ್ಲಿ ನನ್ನ ಓದಿನ ಬಗ್ಗೆ ಎರಡು ಹೊಗಳಿಕೆಯ ಸಾಲುಗಳಿವೆ. ಹುಲಿಗೆವ್ವನ ಬಗ್ಗೆ ಒಂದೇ ಸಾಲು: ಅರ್ಜಿ ವಜಾ.

ಆಮೇಲೆ ಮೈಲಾರಿಯ ಜಾಗಕ್ಕೆ ಅವಳನ್ನೇ ತೆಗೆದುಕೊಂಡರು. ಸತ್ತವರ ಮನೆಯವರಿಗೆ ಕೆಲಸ ಕೊಡಬೇಕೆಂಬುದೂ ಒಂದು ಹಕ್ಕು, ಅದು ತಪ್ಪದೆ ಜಾರಿಯಾಯಿತು. ಅವಳೀಗ ದಿನಾ ಹನ್ನೊಂದಕ್ಕೆ ಹಲಗೆಯ ಕೆಳಗೆ ಹೋಗುತ್ತಾಳೆ. ಎರಡು ಸಲ ಪ್ರಜ್ಞೆ ತಪ್ಪಿದೆ. ಮೂರನೆಯದಕ್ಕೆ ಏನಾಗುತ್ತದೆಂದು ಊರಿಗೆಲ್ಲ ಗೊತ್ತು.

ನಾನು ಕಣ್ಣು ಮಂಜೆಂದು ನೆಪ ಹೇಳಿ ಓದುಗಾರನ ರುಮಾಲು ಬಿಟ್ಟೆ. ಊರು ಹೊಸ ಓದುಗಾರರನ್ನು ಆರಿಸಿತು: ಹುಲಿಗೆವ್ವನನ್ನು. ಅವಳ ಓದು ಕೇಳಬೇಕು ನೀವು. ಏರಿಲ್ಲ, ಇಳಿವಿಲ್ಲ, ಸಿಳ್ಳೆ ಹಾಕುವಂಥದ್ದೇನೂ ಇಲ್ಲ. ಪುಟದ ಅಂಕಿ ಓದುತ್ತಾಳೆ, ಮುದ್ರಣಾಲಯದ ವಿಳಾಸ ಓದುತ್ತಾಳೆ, ಅಚ್ಚಿನ ತಪ್ಪುಗಳ ಪಟ್ಟಿ ಓದುತ್ತಾಳೆ. ಊಟಕ್ಕೆ ಯಾರಾದರೂ ಎದ್ದರೆ ಓದು ನಿಲ್ಲಿಸಿ ಅವರು ಬರುವವರೆಗೆ ಸುಮ್ಮನೆ ಕೂರುತ್ತಾಳೆ. ಈಗ ನಮ್ಮೂರಲ್ಲಿ ಯಾರೂ ಏಳುವುದಿಲ್ಲ. ಹೋದ ತಿಂಗಳು ಪೀಠದ ನಿಯಮಾವಳಿ ಓದಿದಳು. ಅದರಲ್ಲೊಂದು ನಿಯಮ: ತೀರ್ಪು ಬಂದು ಎರಡು ವರ್ಷದೊಳಗೆ, ಮೊದಲ ಓದುಗಾರ ತಾನು ಬಿಟ್ಟ ಪುಟಗಳ ಸಂಖ್ಯೆಯನ್ನು ಬರೆದು, ಅದನ್ನು ಊರ ಮುಂದೆ ಓದಿಸಿದರೆ, ಮೊಕದ್ದಮೆ ಮತ್ತೆ ತೆರೆಯಬೇಕು. ಆ ಸಾಲನ್ನೂ ಉಳಿದ ಸಾಲುಗಳಷ್ಟೇ ಸಪ್ಪಗೆ ಓದಿದಳು. ನನ್ನ ಕಡೆ ನೋಡಲಿಲ್ಲ. ಎರಡು ವರ್ಷಕ್ಕೆ ಈಗ ಒಂಬತ್ತು ದಿನ ಉಳಿದಿದೆ.

ಹಿರಿಯರೇ, ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಸಂವಿಧಾನದ ಇಪ್ಪತ್ತೊಂದನೆಯ ವಿಧಿ ಓದಿದ್ದೇನೆ. ಯಾವ ಮನುಷ್ಯನ ಜೀವವನ್ನೂ ಕಸಿಯಬಾರದು ಎನ್ನುವ ವಾಕ್ಯದಲ್ಲೇ, ಕಾನೂನಿನ ವಿಧಾನದ ಪ್ರಕಾರ ಹೊರತು, ಎಂದೂ ಬರೆದಿದೆ. ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು. ಈಗ ಆ ಬರೆದವರ ಬಗ್ಗೆ ಗೌರವ ಬರುತ್ತದೆ. ಹಕ್ಕನ್ನೂ ಅದರ ‘ಹೊರತು’ವನ್ನೂ ಒಂದೇ ಉಸಿರಿಗೆ ಸಿಗುವಂತೆ ಇಟ್ಟಿದ್ದಾರೆ, ನೋಡುವವರು ನೋಡಬಹುದು, ಜಗಳ ತೆಗೆಯುವವರು ತೆಗೆಯಬಹುದು. ಮುಂದೆ ನೀವು ಬರೆಯುವ ಕಾಗದಗಳಲ್ಲಿಯೂ ಹಾಗೇ ಬರೆಯಿರಿ. ಕೊಡುವ ಕೈಯನ್ನು ಮೊದಲ ಪುಟದಲ್ಲೂ ಕಸಿಯುವ ಕೈಯನ್ನು ಸಣ್ಣಕ್ಷರದಲ್ಲೂ ಇಡಬೇಡಿ. ಅಷ್ಟು ದೂರ ಓದುವ ತಾಳ್ಮೆ ಕಸಿಯುವವನಿಗೆ ಮಾತ್ರ ಇರುತ್ತದೆ. ಮತ್ತು ಯಾರಾದರೂ ನಿಮ್ಮ ಮುಂದೆ ಹಕ್ಕುಗಳನ್ನು ಬಹಳ ಚೆಂದವಾಗಿ ಓದುತ್ತಿದ್ದರೆ, ಕಣ್ಣೊರೆಸಿಕೊಳ್ಳುವ ಮೊದಲು, ಮುಂದೇನಿದೆ ಓದಪ್ಪಾ ಎಂದು ಕೇಳಿ.

ಕೇಳಿದ್ದರೆ ನಾನು ಓದುತ್ತಿದ್ದೆ. ಇರಲಿ, ಇದು ಮತ್ತೆ ಊರಿನ ಮೇಲೆ ಹಾಕುವ ಮಾತಾಯಿತು. ಹೊಡೆದುಹಾಕುತ್ತಿದ್ದೆ, ಆದರೆ ಹಿಂದೋಲೆಯಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ.

ಹಿಂದೋಲೆಗೂ ಉಳಿದ ಕಾಗದಗಳ ನಿಯಮವೇ. ಮುದ್ರೆ ಹಾಕುವ ಮೊದಲು ಊರಿನವರೆಲ್ಲ ಕೂತಿರುವಾಗ ಗಟ್ಟಿಯಾಗಿ ಓದಬೇಕು. ಆದ್ದರಿಂದ ಹಿರಿಯರೇ, ನಿಮ್ಮನ್ನು ಮುಂದಿಟ್ಟುಕೊಂಡು ನಾನು ಬೇರೆಯವರಿಗೆ ಬರೆದಿದ್ದೇನೆ, ಅದಕ್ಕೂ ಕ್ಷಮೆ ಇರಲಿ. ಮೊಕದ್ದಮೆ ತೆರೆದರೂ ಮೈಲಾರಿ ಏಳುವುದಿಲ್ಲ. ಪಕ್ಕದೂರಿನ ಹಲಗೆಗಳ ಕೆಳಗೆ ಅಲ್ಲಿಯವರು ತೆವಳುತ್ತಲೇ ಇರುತ್ತಾರೆ, ಅವರ ಓದುಗಾರ ಎಷ್ಟು ಬಿಟ್ಟನೋ ಅವನಿಗೇ ಗೊತ್ತು. ನಾಳೆಯಿಂದ ಸಂತೆಯಲ್ಲಿ ನನಗೆ ದಾರಿ ಬಿಡುವವರು ಬೇರೆ ಕಾರಣಕ್ಕೆ ಬಿಡುತ್ತಾರೆ.

ಹುಲಿಗೆವ್ವಾ, ಇಲ್ಲಿಗೆ ಬಂದು ನೀನು ಓದು ನಿಲ್ಲಿಸುತ್ತೀ. ನಿಲ್ಲಿಸಬೇಡ. ಕಾಕಾ ಎದುರಿಗೇ ಕೂತಿದ್ದೇನೆ, ಎದ್ದು ಹೋಗುವುದಿಲ್ಲ. ಆ ಪುಸ್ತಿಕೆಯಲ್ಲಿದ್ದದ್ದು ಐವತ್ತೆಂಟು ಪುಟ. ನಾನು ಓದಿದ್ದು ಹದಿನೇಳು. ಬೆವರಿಗೆ ಯಾವ ಹಾಳೆಯೂ ಅಂಟಿರಲಿಲ್ಲ. ಬಿಟ್ಟದ್ದು ಎರಡಲ್ಲವ್ವಾ, ನಲವತ್ತೊಂದು.